ಮೊದಲು ನಿಮ್ಮ ಪಟ್ಟಿ, ಆಮೇಲೆ ಬುಕ್ಕಿಯ ದರ: ರಗ್ಬಿ ಲೀಗ್ ಸೀಸನ್ ಅಂದಾಜು ಮಾಡುವುದು ಹೇಗೆ?

ಫೆಬ್ರುವರಿ ಬಂತೆಂದರೆ ಸಿಡ್ನಿಯ ನಮ್ಮ ಆಫೀಸಿನಲ್ಲಿ ಕೆಲಸ ಅರ್ಧ, ರಗ್ಬಿ ಲೀಗ್ ಮಾತು ಅರ್ಧ. ಎಲ್ಲರೂ ಫೋನ್ ತೆಗೆದು ಬೆಟ್ಟಿಂಗ್ ಆ್ಯಪ್ ನೋಡುತ್ತಾರೆ. ಯಾವ ತಂಡಕ್ಕೆ ಎಷ್ಟು ದರ ಇದೆ, ಅಂದರೆ ಆ ತಂಡ ಗೆದ್ದರೆ ಒಂದು ಡಾಲರಿಗೆ ಎಷ್ಟು ಕೊಡುತ್ತಾರೆ ಅಂತ ನೋಡಿ, ಆಮೇಲೆ 'ಹೌದು, ನನಗೂ ಹಾಗೇ ಅನ್ನಿಸ್ತಿತ್ತು' ಅನ್ನುತ್ತಾರೆ. ಅಲ್ಲೇ ಕೆಡುವುದು. ಬುಕ್ಕಿಯ ನಂಬರ್ ಒಮ್ಮೆ ಕಣ್ಣಿಗೆ ಬಿದ್ದರೆ ನಿಮ್ಮ ಸ್ವಂತ ಲೆಕ್ಕ ಮುಗಿದ ಹಾಗೇ.

ಇನ್ನೊಂದು ಜಾತಿಯವರಿದ್ದಾರೆ. ಮಂಡ್ಯದ ಗೆಳೆಯನೊಬ್ಬ ಪ್ಯಾರಮ್ಯಾಟದಲ್ಲಿ ಮನೆ ಮಾಡಿದ್ದಾನೆ. ಮನೆ ಹತ್ತಿರದ ಟೀಮ್ ಅಂತ ಪ್ರತಿ ವರ್ಷ ಈಲ್ಸ್ ಮೇಲೆ 50 ಡಾಲರ್ ಹಾಕುತ್ತಾನೆ. ಈಲ್ಸ್ ಕೊನೆಯ ಸಲ ಕಪ್ ಗೆದ್ದದ್ದು 1986ರಲ್ಲಿ. ಕೇಳಿದರೆ 'ಆರ್‌ಸಿಬಿಗೆ 18 ಸೀಸನ್ ಕಾದಿಲ್ವಾ?' ಅನ್ನುತ್ತಾನೆ. ಅಭಿಮಾನಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಬೆಟ್ಟಿಗೆ ಇದೆ.

ಶುರು ಮಾಡುವ ಮುಂಚೆ ಒಂದು ಮಾತು. ಇದು ಆಸ್ಟ್ರೇಲಿಯಾದ ಕಥೆ. ಅಲ್ಲಿ 18 ತುಂಬಿದವರು ಲೈಸೆನ್ಸ್ ಇರುವ ಕಂಪನಿಯಲ್ಲಿ ಬೆಟ್ ಹಾಕಬಹುದು. ಭಾರತದಲ್ಲಿ 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ಬಂದ ಮೇಲೆ ದುಡ್ಡಿಟ್ಟು ಆನ್‌ಲೈನ್‌ನಲ್ಲಿ ಆಡುವಂತಿಲ್ಲ. ಊರಲ್ಲಿ ಕೂತು ಓದುವವರು ಪೆನ್ಸಿಲ್ಲು, ಪೇಪರ್ರು ಹಿಡಿದು ಆಡಿ. ನಿಜ ಹೇಳಬೇಕೆಂದರೆ ಮಜಾ ಇರುವುದು ಅಲ್ಲೇ.

1. ಆಟ ಯಾವುದು ಅಂತ ಖಚಿತ ಮಾಡಿಕೊಳ್ಳಿ

ರಗ್ಬಿ ಯೂನಿಯನ್ ಬೇರೆ, ರಗ್ಬಿ ಲೀಗ್ ಬೇರೆ. ಆಡಲು ಹೋಗಿ ಕೆಲಸ ತಪ್ಪಿ ಕೂಲಿ ಕಳೆದುಕೊಂಡ ಆಟಗಾರರಿಗೆ ದುಡ್ಡು ಕೊಡಬೇಕೋ ಬೇಡವೋ ಅನ್ನುವ ಜಗಳದಲ್ಲಿ 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಎರಡೂ ಬೇರೆಯಾದವು. ಲೀಗ್‌ನಲ್ಲಿ ಒಂದೊಂದು ತಂಡದಲ್ಲಿ 13 ಜನ. ಓವರಿಗೆ ಆರು ಬಾಲ್ ಇದ್ದ ಹಾಗೆ ಇಲ್ಲಿ ಆರು ಟ್ಯಾಕಲ್, ಅಂದರೆ ಚೆಂಡು ಹಿಡಿದವನನ್ನು ಎದುರಾಳಿ ತಡೆದು ಕೆಡವುವುದು ಆರು ಸಲ. ಅಷ್ಟರೊಳಗೆ ಏನೂ ಆಗದಿದ್ದರೆ ಚೆಂಡು ಎದುರಾಳಿಗೆ. ಗೆರೆ ದಾಟಿ ಚೆಂಡು ಊರಿದರೆ, ಅಂದರೆ ಟ್ರೈ ಆದರೆ, 4 ಪಾಯಿಂಟ್. ಅದರ ಮೇಲಿನ ಒದೆ ಕಂಬದ ಮಧ್ಯೆ ಹೋದರೆ ಇನ್ನೂ 2.

2. ಹೋದ ವರ್ಷದ ಪಟ್ಟಿಯನ್ನು ನಂಬಬೇಡಿ, ತಿದ್ದಿ

ಎನ್‌ಆರ್‌ಎಲ್‌ನಲ್ಲಿ ಅಂದರೆ ಆಸ್ಟ್ರೇಲಿಯಾದ ಮುಖ್ಯ ರಗ್ಬಿ ಲೀಗ್ ಟೂರ್ನಿಯಲ್ಲಿ, ಈಗ 17 ತಂಡ. 2027ರಲ್ಲಿ ಪರ್ತ್ ಬೇರ್ಸ್ ಸೇರಬೇಕಿದೆ. 27 ವಾರ, ತಂಡಕ್ಕೆ 24 ಪಂದ್ಯ, ಮೂರು ವಾರ ರಜೆ. ಎಷ್ಟು ಗೆದ್ದರು ಅನ್ನುವುದಕ್ಕಿಂತ ಎಷ್ಟು ಪಾಯಿಂಟ್ ಹೊಡೆದರು, ಎಷ್ಟು ಬಿಟ್ಟುಕೊಟ್ಟರು ಅನ್ನುವುದು ಹೆಚ್ಚು ಸತ್ಯ ಹೇಳುತ್ತದೆ. ಹೊಡೆದದ್ದರ ವರ್ಗ ತೆಗೆಯಿರಿ. ಬಿಟ್ಟುಕೊಟ್ಟದ್ದರ ವರ್ಗವನ್ನೂ ತೆಗೆಯಿರಿ. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ. ಉದಾಹರಣೆಗೆ 600 ಹೊಡೆದು 450 ಬಿಟ್ಟ ತಂಡಕ್ಕೆ 0.64 ಬರುತ್ತದೆ. 24 ಪಂದ್ಯಕ್ಕೆ ಗುಣಿಸಿದರೆ 15 ಚಿಲ್ಲರೆ ಗೆಲುವು. ಅದೇ ತಂಡ ನಿಜವಾಗಿ 18 ಗೆದ್ದಿದ್ದರೆ, ಒಂದು-ಎರಡು ಪಾಯಿಂಟ್ ಅಂತರದ ಪಂದ್ಯಗಳಲ್ಲಿ ಅದೃಷ್ಟ ಅವರ ಕಡೆ ಇತ್ತು ಅಂತ ಲೆಕ್ಕ. ಮುಂದಿನ ವರ್ಷವೂ ಇರುತ್ತದೆ ಅನ್ನುವ ಗ್ಯಾರಂಟಿ ಇಲ್ಲ.

3. ಬೆನ್ನುಮೂಳೆ ನೋಡಿ

ಲೀಗ್ ಜನ 'ಸ್ಪೈನ್' ಅನ್ನುವುದು ನಾಲ್ಕು ನಂಬರಿಗೆ: 1 ಫುಲ್‌ಬ್ಯಾಕ್, 6 ಫೈವ್-ಎಯ್ತ್, 7 ಹಾಫ್‌ಬ್ಯಾಕ್, 9 ಹುಕರ್. ಚೆಂಡು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುವವರು ಇವರೇ. 2023ರ ಫೈನಲ್‌ನಲ್ಲಿ ಪೆನ್ರಿತ್ ಪ್ಯಾಂಥರ್ಸ್ 8-24ರಲ್ಲಿ ಹಿಂದಿದ್ದರು. 7ನೇ ನಂಬರಿನ ನೇಥನ್ ಕ್ಲಿಯರಿ ಕೊನೆಯ 20 ನಿಮಿಷ ಪಂದ್ಯವನ್ನು ಕೈಗೆ ತೆಗೆದುಕೊಂಡ, 26-24ಕ್ಕೆ ಮುಗಿಯಿತು. ಒಳ್ಳೆ ಏಳನೇ ನಂಬರ್ ಅಂದರೆ ಅಷ್ಟು ಬೆಲೆ. ಪ್ರತಿ ತಂಡದ ಈ ನಾಲ್ಕು ಹೆಸರು ಬರೆದು, ನಾಲ್ವರೂ ಒಟ್ಟಿಗೆ ಆಡಿದ್ದಾರಾ ಅಂತ ಪಕ್ಕದಲ್ಲಿ ಗುರುತು ಹಾಕಿ. ಹೊಸ ವಿಂಗರ್ ಬಂದ ಅಂತ ಪೇಪರಿನವರು ಅರ್ಧ ಪುಟ ಬರೆಯುತ್ತಾರೆ. ನಾನು ಅರ್ಧ ಸಾಲೂ ಕೊಡುವುದಿಲ್ಲ.

ಪ್ರೀ ಸೀಸನ್ ಪಂದ್ಯಗಳ ಸ್ಕೋರನ್ನು ಪೂರ್ತಿ ಮರೆತುಬಿಡಿ. ಯಾರಿಗೆ ಗಾಯ ಆಯಿತು ಅನ್ನುವುದಷ್ಟೇ ಅಲ್ಲಿ ಸಿಗುವ ಸುದ್ದಿ.

4. ವೇಳಾಪಟ್ಟಿ

ಎದುರಾಳಿಗಳು 16, ಪಂದ್ಯ 24. ಅಂದರೆ ಎಂಟು ತಂಡಗಳ ಜೊತೆ ಎರಡೆರಡು ಸಲ, ಉಳಿದ ಎಂಟರ ಜೊತೆ ಒಂದೇ ಸಲ. ಯಾರ ಜೊತೆ ಎರಡು ಸಲ ಅಂತ ನೋಡಿ, ಬಲಿಷ್ಠರೇ ಜಾಸ್ತಿ ಇದ್ದರೆ ಒಂದು ಗೆಲುವು ಕಡಿಮೆ ಮಾಡಿ. ಮೇ ಕೊನೆಯಿಂದ ಜುಲೈವರೆಗೆ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವೆ ಸ್ಟೇಟ್ ಆಫ್ ಆರಿಜಿನ್ ಮೂರು ಪಂದ್ಯ. ಆಗ ಒಳ್ಳೆ ತಂಡಗಳಿಂದಲೇ ಜಾಸ್ತಿ ಜನ ಹೋಗುತ್ತಾರೆ, ಕ್ಲಬ್ ಪಂದ್ಯಕ್ಕೆ ಮೈಕೈ ನೋವಿನಲ್ಲಿ ವಾಪಸ್ ಬರುತ್ತಾರೆ. ಅದಕ್ಕೂ ಸ್ವಲ್ಪ ಕಳೆಯಿರಿ.

ಇನ್ನೊಂದು ಗುಟ್ಟು. ರಜೆಯ ವಾರಕ್ಕೂ ಗೆಲುವಿನಂತೆ 2 ಪಾಯಿಂಟ್ ಕೊಡುತ್ತಾರೆ. ಹಾಗಾಗಿ ಜೂನ್‌ನಲ್ಲಿ ಪಟ್ಟಿ ನೋಡುವಾಗ ಪಾಯಿಂಟ್ ನೋಡಬೇಡಿ, ಸೋಲಿನ ಕಾಲಮ್ ನೋಡಿ.

5. ಈಗ ಕಷ್ಟದ್ದು: ಅಂದಾಜನ್ನು ನಂಬರ್ ಮಾಡುವುದು

ನೂರಕ್ಕೆ ತೊಂಬತ್ತು ಜನ ಎಡವುವುದು ಇಲ್ಲಿ. ಒಂದು ಟೀ ಮಾಡಿಕೊಂಡು ಕೂತುಕೊಳ್ಳಿ.

'ಬ್ರಾಂಕೋಸ್ ಈ ಸಲ ಚೆನ್ನಾಗಿದ್ದಾರೆ' ಅನ್ನುವುದು ಅಂದಾಜಲ್ಲ, ಹರಟೆ. ನೂರಕ್ಕೆ ಎಷ್ಟು ಅಂತ ಬರೆಯಬೇಕು. ಆದರೆ 'ಕಪ್ ಗೆಲ್ಲುವ ಸಾಧ್ಯತೆ ನೂರಕ್ಕೆ ಎಷ್ಟು?' ಅಂತ ನೇರವಾಗಿ ಕೇಳಿಕೊಂಡರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ನಾನು ಅದನ್ನು ಎರಡು ತುಂಡು ಮಾಡುತ್ತೇನೆ.

ವಾರವಾರದ ಪಂದ್ಯಗಳು ಮುಗಿದ ಮೇಲೆ ಬರುವ ನಾಕೌಟ್ ಹಂತವನ್ನು ಇಲ್ಲಿ 'ಫೈನಲ್ಸ್' ಅನ್ನುತ್ತಾರೆ. ಅದರ ಈಗಿನ ಪದ್ಧತಿ ಬಂದದ್ದು 2012ರಲ್ಲಿ. ಎಂಟು ತಂಡ ಫೈನಲ್ಸ್‌ಗೆ ಹೋಗುತ್ತವೆ, ಮೊದಲ ನಾಲ್ವರಿಗೆ ಒಂದು ಸೋಲು ಮಾಫಿ. 2012ರಿಂದ 2025ರವರೆಗೆ 14 ಸೀಸನ್ ನಡೆದಿವೆ. ಹದಿನಾಲ್ಕೂ ಸಲ ಕಪ್ ಎತ್ತಿದ್ದು ಮೊದಲ ನಾಲ್ಕರಲ್ಲಿ ಮುಗಿಸಿದ ತಂಡವೇ. 2025ರ ಬ್ರಾಂಕೋಸ್ ನಾಲ್ಕನೇ ಸ್ಥಾನದವರು. ಅದೇ ವರ್ಷ ಪ್ಯಾಂಥರ್ಸ್ ಮೇ ತಿಂಗಳಲ್ಲಿ ಪಟ್ಟಿಯ ತಳ ಮುಟ್ಟಿ, ಎದ್ದು ಬಂದು 7ನೇ ಸ್ಥಾನ ಹಿಡಿದರು. ಫೈನಲ್‌ಗೆ ಒಂದೇ ಮೆಟ್ಟಿಲು ಇದ್ದಾಗ ಬ್ರಾಂಕೋಸ್ ಎದುರು 14-16ಕ್ಕೆ ಸೋತರು. ನಾಲ್ಕು ವರ್ಷ ಸತತವಾಗಿ ಕಪ್ ಗೆದ್ದಿದ್ದ ತಂಡಕ್ಕೂ ಏಳನೇ ಸ್ಥಾನದಿಂದ ಹತ್ತುವುದು ಆಗಲಿಲ್ಲ.

ಹಾಗಾಗಿ ಮೊದಲ ಪ್ರಶ್ನೆ: ಈ ತಂಡ ಮೊದಲ ನಾಲ್ಕರಲ್ಲಿ ಬರುವ ಸಾಧ್ಯತೆ ಎಷ್ಟು? ಇದನ್ನು ಊಹಿಸಬಹುದು. ಎರಡನೆಯದು: ಬಂದರೆ ಗೆಲ್ಲುವ ಸಾಧ್ಯತೆ ಎಷ್ಟು? ನಾಲ್ವರಲ್ಲಿ ಒಬ್ಬರು, ಅಂದರೆ ಸುಮಾರು 25. ತುಂಬಾ ಬಲಿಷ್ಠ ಅನ್ನಿಸಿದರೆ 30 ಮಾಡಿ, ಅದಕ್ಕಿಂತ ಜಾಸ್ತಿ ಬೇಡ. ಎರಡನ್ನೂ ಗುಣಿಸಿ. ನಾಲ್ಕರೊಳಗೆ ಬರಲು 50 ಅಂತ ಬರೆದಿದ್ದರೆ, ಕಪ್‌ಗೆ 12.5. ನೂರನ್ನು ಅದರಿಂದ ಭಾಗಿಸಿದರೆ 8. ನಿಮ್ಮ ಪ್ರಕಾರ ಆ ತಂಡದ ನ್ಯಾಯವಾದ ದರ 8.00.

ಒಂದು ತಪಾಸಣೆ ಮರೆಯಬೇಡಿ. 17 ತಂಡಗಳ 'ಮೊದಲ ನಾಲ್ಕು' ಕಾಲಮ್ ಕೂಡಿದರೆ 400 ಬರಬೇಕು. ನಾಲ್ಕೇ ಕುರ್ಚಿ ಅಲ್ವಾ? ಮೊದಲ ಸಲ ಮಾಡಿದವರಿಗೆಲ್ಲ 550, 600 ಬರುತ್ತದೆ. ಎಲ್ಲರ ಮೇಲೂ ಪ್ರೀತಿ ತೋರಿಸಿರುತ್ತೇವೆ. 400ಕ್ಕೆ ಇಳಿಸುವಾಗ ಯಾರ ಕುರ್ಚಿ ಎಳೆಯುತ್ತೀರಿ ಅನ್ನುವುದೇ ನಿಜವಾದ ಮುನ್ನೋಟ. ನಾನು ಈ ಕೆಲಸ ಪೆನ್ಸಿಲ್ಲಿನಲ್ಲೇ ಮಾಡುತ್ತೇನೆ. ಎಕ್ಸೆಲ್‌ನಲ್ಲಿ ಮಾಡಿದರೆ ಎಲ್ಲರಿಂದ ಸಮನಾಗಿ ಕಳೆದು ಕೈತೊಳೆದುಕೊಳ್ಳುವ ಆಸೆ ಬರುತ್ತದೆ. ಅದು ಸೋಮಾರಿ ದಾರಿ.

ಈಗ, ಈಗ ಮಾತ್ರ, ಬುಕ್ಕಿಯ ದರ ತೆಗೆಯಿರಿ.

ಆಸ್ಟ್ರೇಲಿಯಾದಲ್ಲಿ ದರ ಬರೆಯುವುದು 1.55, 9.00 ಅಂತ. 9.00 ಅಂದರೆ 1 ಡಾಲರ್ ಹಾಕಿ ಗೆದ್ದರೆ, ನಿಮ್ಮ ಡಾಲರೂ ಸೇರಿ 9 ಬರುತ್ತದೆ. ದರದಲ್ಲಿ ಬುಕ್ಕಿಯ ಲಾಭ ಅಡಗಿರುತ್ತದೆ. ಒಂದು ಪಂದ್ಯ ನೋಡಿ: ಒಂದು ಕಡೆ 1.55, ಇನ್ನೊಂದು ಕಡೆ 2.45. ನೂರನ್ನು ಭಾಗಿಸಿದರೆ 64.5 ಮತ್ತು 40.8. ಕೂಡಿದರೆ 105.3. ಮೇಲಿನ 5.3 ಅವರ ಪಾಲು. ಪಂದ್ಯಕ್ಕೆ ಇಷ್ಟು ಸಾಮಾನ್ಯ.

ಸೀಸನ್ ಕಪ್‌ಗೆ ಇದೇ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಒಂದು ಮಾದರಿ ಪಟ್ಟಿ ಹಾಕಿಕೊಳ್ಳೋಣ: 5, 5.5, 6.5, 8, 9, 11, 13, 15, 17, 21, 26, 26, 34, 41, 51, 67, 101. ಒಂದೊಂದಕ್ಕೂ ನೂರನ್ನು ಭಾಗಿಸಿ ಕೂಡಿ. 128.8 ಬರುತ್ತದೆ. ಈ ಪಟ್ಟಿಯಲ್ಲಿ 9.00 ಇರುವ ತಂಡ ಮೇಲ್ನೋಟಕ್ಕೆ 11.1. ಬುಕ್ಕಿಯ ಪಾಲು ತೆಗೆಯಲು 1.288ರಿಂದ ಭಾಗಿಸಿದರೆ 8.6. ಅಂದರೆ ಅವನ ಮನಸ್ಸಿನಲ್ಲಿ ಆ ತಂಡಕ್ಕೆ 8.6 ಇದೆ, ಕೊಡುತ್ತಿರುವುದು 11.1ರ ದುಡ್ಡು. ನೀವು ಬೆಟ್ ಹಾಕಬೇಕೆಂದರೆ ನಿಮ್ಮ ನಂಬರ್ 11.1 ದಾಟಿರಬೇಕು.

ನಿಮ್ಮದು 12.5 ಇತ್ತಲ್ಲ? ದಾಟಿತು. ಆದರೆ ನಿಲ್ಲಿ. ಆ 50ರ ಜಾಗದಲ್ಲಿ 40 ಬರೆದಿದ್ದರೆ? ಕಪ್‌ಗೆ 10, ನ್ಯಾಯದ ದರ 10.00. ಆಗ 9.00 ನಷ್ಟದ ವ್ಯಾಪಾರ. ಪೆನ್ಸಿಲ್ಲಿನಲ್ಲಿ ಹತ್ತು ಆಚೀಚೆ ಆದರೆ ಬೆಟ್ಟೇ ತಲೆಕೆಳಗಾಗುತ್ತದೆ. ಅದಕ್ಕೇ ನನ್ನ ನಿಯಮ: ನನ್ನ ನಂಬರನ್ನು ಐದನೇ ಒಂದು ಭಾಗ ಕಡಿಮೆ ಮಾಡಿದ ಮೇಲೂ ಲಾಭ ಕಾಣಬೇಕು. ಇಲ್ಲದಿದ್ದರೆ ಪುಟ ತಿರುಗಿಸುವುದು. ಇಲ್ಲಿ 12.5 ಹೋಗಿ 10 ಆಯಿತು, ಪುಟ ತಿರುಗಿತು. ಎಷ್ಟೋ ವರ್ಷ ಹದಿನೇಳೂ ತಂಡ ಹೀಗೇ ತಿರುಗಿ ಹೋಗುತ್ತವೆ. ಬೇಜಾರಾಗುತ್ತದೆ, ದುಡ್ಡು ಉಳಿಯುತ್ತದೆ.

51, 67, 101ರ ಹತ್ತಿರ ಸುಳಿಯಲೇಬೇಡಿ. ಬುಕ್ಕಿಗಳು ಪಾಲನ್ನು ಜಾಸ್ತಿ ತುರುಕುವುದು ಆ ಉದ್ದದ ದರಗಳಲ್ಲೇ. 'ಹತ್ತು ಡಾಲರ್ ತಾನೇ, ಬಂದರೆ ಸಾವಿರ' ಅನ್ನುವವರಿಗಾಗಿಯೇ ಆ ಸಾಲುಗಳು ಇರುವುದು.

6. ಆ್ಯಪ್ ತಳ್ಳುವ ಸಾಮಾನುಗಳು

ಸೇಮ್ ಗೇಮ್ ಮಲ್ಟಿ ಅನ್ನುವುದು ಅತಿ ಕೆಟ್ಟ ಸಾಮಾನು. ಒಂದೇ ಪಂದ್ಯದಲ್ಲಿ ಐದು ವಿಷಯ ಒಟ್ಟಿಗೆ ಆಗಬೇಕು ಅಂತ ಜೋಡಿಸುತ್ತೀರಿ. ಒಂದೊಂದರಲ್ಲೂ ಬರೀ 5.3 ಪಾಲು ಅಂದುಕೊಂಡರೂ, ಐದು ಸಲ ಗುಣಿಸಿದಾಗ ಸುಮಾರು 29 ಆಗುತ್ತದೆ. ಟಿವಿ ಜಾಹೀರಾತಿನಲ್ಲಿ ಇದನ್ನೇ ಏಕೆ ಕುಣಿಸುತ್ತಾರೆ ಅಂತ ಈಗ ಗೊತ್ತಾಯಿತಲ್ಲ.

ಬೋನಸ್ ಬೆಟ್‌ನಲ್ಲಿ (ಕಂಪನಿಯೇ ಕೊಡುವ ಪುಕ್ಕಟೆ ಬೆಟ್) ನಾನೇ ಒಮ್ಮೆ ಪೆದ್ದನಾದೆ. 50 ಡಾಲರ್ ಬೋನಸ್ಸು, ದರ 3.00, ತಂಡ ಗೆದ್ದಿತು. 150 ಬರುತ್ತೆ ಅಂತ ಹೆಂಡತಿಗೆ ಊಟಕ್ಕೆ ಕರೆದುಕೊಂಡು ಹೋಗ್ತೀನಿ ಅಂದಿದ್ದೆ. ಖಾತೆಗೆ ಬಂದದ್ದು 100. ಬೋನಸ್ಸಿನ ಮೂಲ ಹಣ ವಾಪಸ್ ಕೊಡುವುದಿಲ್ಲ ಅಂತ ಸಣ್ಣಕ್ಷರದಲ್ಲಿ ಇತ್ತು. ಹ್ಯಾರಿಸ್ ಪಾರ್ಕಿನಲ್ಲಿ ಮಸಾಲೆ ದೋಸೆ ತಿಂದು ವಾಪಸ್ ಬಂದೆವು.

7. ದುಡ್ಡು

ಸೀಸನ್‌ಗೆ ಇಷ್ಟು ಅಂತ ಒಂದು ಮೊತ್ತ ಪಕ್ಕಕ್ಕಿಡಿ. ಹೋದರೂ ಬಾಡಿಗೆಗೆ, ಮಕ್ಕಳ ಫೀಸಿಗೆ ತೊಂದರೆ ಆಗಬಾರದು. ಒಂದು ಬೆಟ್‌ಗೆ ಅದರ ನೂರರಲ್ಲಿ ಒಂದು ಭಾಗ, ಮಹಾ ಅಂದರೆ ಎರಡು. ಕಪ್ ಬೆಟ್ ಆದರೆ ಮಾರ್ಚಿನಲ್ಲಿ ಹಾಕಿದ ಹಣ ಅಕ್ಟೋಬರ್‌ವರೆಗೆ ಅಲ್ಲೇ ಸಿಕ್ಕಿಕೊಂಡಿರುತ್ತದೆ, ನೆನಪಿರಲಿ. ಸೋತದ್ದನ್ನು ಭಾನುವಾರದ ಕೊನೆಯ ಪಂದ್ಯದಲ್ಲಿ ಎತ್ತುತ್ತೇನೆ ಅನ್ನುವ ಯೋಚನೆ ಬಂದರೆ ಫೋನ್ ಮನೆಯವರ ಕೈಗೆ ಕೊಡಿ. ಅಲ್ಲಿಗೂ ನಿಲ್ಲದಿದ್ದರೆ ಬೆಟ್‌ಸ್ಟಾಪ್ ಇದೆ, 2023ರಿಂದ. ಒಂದು ಸಲ ಹೆಸರು ಬರೆಸಿದರೆ ಲೈಸೆನ್ಸ್ ಇರುವ ಯಾವ ಆನ್‌ಲೈನ್ ಕಂಪನಿಯೂ ನಿಮ್ಮ ಬೆಟ್ ತೆಗೆದುಕೊಳ್ಳುವಂತಿಲ್ಲ. ಮಾತಾಡಬೇಕು ಅನ್ನಿಸಿದರೆ ಜೂಜಿನ ಸಹಾಯವಾಣಿ 1800 858 858.

ದುಡ್ಡೇ ಬೇಡ ಅನ್ನುವವರಿಗೆ ಆಫೀಸಿನ ಟಿಪ್ಪಿಂಗ್ ಸಾಕು. ವಾರಕ್ಕೆ ಎಂಟು ಪಂದ್ಯ, ಗೆಲ್ಲುವವರ ಹೆಸರು ಬರೆಯುವುದು ಅಷ್ಟೇ. ಅಲ್ಲಿ ಮೇಲೆ ಬರಬೇಕೆಂದರೆ ಬುಕ್ಕಿಯ ಮೆಚ್ಚಿನ ತಂಡವನ್ನೇ ಬರೆಯುತ್ತಾ ಹೋಗಿ, ಜಾಣತನ ಬೇಡ.

8. ನೋಟ್‌ಬುಕ್

ತಾರೀಕು, ತಂಡ, ನಿಮ್ಮ ನಂಬರ್, ಬುಕ್ಕಿಯ ದರ, ಒಂದು ಸಾಲು ಕಾರಣ. ನನ್ನ 2025ರ ಪುಟದಲ್ಲಿ ಕ್ಯಾನ್‌ಬೆರಾ ರೇಡರ್ಸ್ 11ನೇ ಸ್ಥಾನದಲ್ಲಿದ್ದಾರೆ. ಕಾರಣ: 'ಹುಡುಗರು ಇನ್ನೂ ಎಳೆಯರು'. ಅವರು ಪಟ್ಟಿಯಲ್ಲಿ ಮೊದಲಿಗರಾದರು. ಆಮೇಲೆ ಫೈನಲ್ಸ್‌ನಲ್ಲಿ ಬ್ರಾಂಕೋಸ್ ಎದುರು ಹೆಚ್ಚುವರಿ ಸಮಯಕ್ಕೆ ಹೋಗಿ 28-29ರಲ್ಲಿ ಒಂದೇ ಪಾಯಿಂಟಿಗೆ ಸೋತರು. ಮುಂದಿನ ವಾರ ಕ್ರೊನಲ್ಲಾ ಎದುರೂ ಸೋತು ಮನೆಗೆ ಹೋದರು. ಎರಡೂ ಕಡೆ ನನಗೆ ಏನೂ ಗೊತ್ತಿರಲಿಲ್ಲ ಅಂತ ಪೆನ್ನಿನಲ್ಲೇ ಬರೆದಿಟ್ಟಿದ್ದೇನೆ.

ಸೀಸನ್ ಶುರುವಾದ ಮೇಲೆ ಮಾಡಬೇಕಾದದ್ದು ಒಂದೇ. ಮಂಗಳವಾರ ಸಂಜೆ ನಾಲ್ಕಕ್ಕೆ ತಂಡಗಳ ಪಟ್ಟಿ ಬರುತ್ತದೆ. ನೇರ 7ನೇ ನಂಬರಿಗೆ ಹೋಗಿ, ಹೆಸರು ಬದಲಾಗಿದೆಯಾ ನೋಡಿ. ಆಟಕ್ಕೆ ಒಂದು ಗಂಟೆ ಮುಂಚೆ ಅಂತಿಮ ಪಟ್ಟಿ ಬಂದಾಗ ಇನ್ನೊಂದು ಸಲ ನೋಡಿ. ಮಧ್ಯೆ ಆ್ಯಪ್ ತೆರೆಯುವ ಕೆಲಸವೇ ಇಲ್ಲ.