ಕ್ಯಾಮರೂನಿಗಾಗಿ ಮಿಷನ್ ಭಾನುವಾರ: ತಯಾರಿ ಹೇಗೆ?

ಬೇರೆ ನಾಡಿನ ಕ್ರೈಸ್ತ ಸಭೆಯನ್ನು ನೆನೆದು ಪ್ರಾರ್ಥಿಸಿ, ಕಾಣಿಕೆ ಎತ್ತುವ ದಿನ ಮಿಷನ್ ಭಾನುವಾರ. ಅದನ್ನು ಆಫ್ರಿಕಾದ ಕ್ಯಾಮರೂನ್ ದೇಶಕ್ಕಾಗಿ ಮಾಡುವುದಾದರೆ, ಮೊದಲು ಒಂದು ಹಂಚು ಹುಡುಕಿ. ಮಂಗಳೂರು, ಉಡುಪಿ ಕಡೆ ಇದು ಕಷ್ಟ ಅಲ್ಲ. ಹಳೆ ಮನೆಯ ಹಿತ್ತಿಲಲ್ಲೋ ಸೌದೆ ಕೊಟ್ಟಿಗೆಯ ಮಾಡಿನಲ್ಲೋ ‘ಬಾಸೆಲ್ ಮಿಷನ್’ ಎಂದು ಅಚ್ಚಾದ ಒಂದಾದರೂ ಸಿಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಈ ಮಿಷನರಿ ಸಂಘ ನಮ್ಮಲ್ಲಿ ಹಂಚಿನ ಕಾರ್ಖಾನೆಗಳನ್ನು ನಡೆಸಿತ್ತು. ನನ್ನ ಹತ್ತಿರ ಇರುವುದು ಅಜ್ಜನ ಮನೆಯದ್ದು. ಅಜ್ಜ ಮಂಗಳೂರಿನ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮಿಷನ್ ಭಾನುವಾರ ಬಂದಾಗಲೆಲ್ಲ ಅದನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ ಚರ್ಚಿಗೆ ಒಯ್ಯುತ್ತೇನೆ.

ಹಂಚು ಯಾಕೆ ಅಂದರೆ, ಮಕ್ಕಳಿಗೆ ‘ಆಫ್ರಿಕಾ’ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಹಸಿದ ಮಗುವಿನ ಚಿತ್ರ. ಆ ಚಿತ್ರ ಕೊಟ್ಟವರು ನಾವೇ. ಸಂಡೇ ಸ್ಕೂಲಿನಲ್ಲಿ ಕಲಿಸಲು ಶುರು ಮಾಡಿದ ವರ್ಷ ನಾನೂ ಅಂಥದೇ ಒಂದು ಚಿತ್ರವನ್ನು ಕಾಣಿಕೆ ಡಬ್ಬಿಗೆ ಅಂಟಿಸಿದ್ದೆ. ಚಿಲ್ಲರೆ ತುಂಬಿತು. ಆದರೆ ಒಬ್ಬ ಹುಡುಗ ಮನೆಗೆ ಹೋಗುವಾಗ ಕೇಳಿದ, “ಟೀಚರ್, ಅವರಿಗೆ ಚರ್ಚ್ ಉಂಟಾ?” ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನವೇ ಚಿತ್ರ ಕಿತ್ತು ತೆಗೆದೆ.

ಈಗ ಗೋಡೆಗೆ ಭೂಪಟ ತೂಗುಹಾಕಿ. ಮೂರು ಗುಂಡುಪಿನ್ ಬೇಕು: ಬಾಸೆಲ್, ಮಂಗಳೂರು, ಕ್ಯಾಮರೂನಿನ ಕರಾವಳಿ. ಬಾಸೆಲಿನಿಂದ ಎರಡೂ ಕಡೆಗೆ ಕೆಂಪು ನೂಲು ಎಳೆಯಿರಿ. ಒಂದು ನೂಲಿನ ಮೇಲೆ 1834, ಇನ್ನೊಂದರ ಮೇಲೆ 1886. ಬಾಸೆಲಿನ ಮಿಷನರಿಗಳಾದ ಹೆಬಿಕ್, ಲೆಹ್ನರ್, ಗ್ರೈನರ್ ಮಂಗಳೂರಿಗೆ ಬಂದು 52 ವರ್ಷ ಆದ ಮೇಲೆ ಅದೇ ಬಾಸೆಲ್ ಮಿಷನ್ ಕ್ಯಾಮರೂನಿಗೆ ಕಾಲಿಟ್ಟಿತು. ಮಕ್ಕಳ ಕೈಗೆ ಹಂಚು ಕೊಟ್ಟು ಅಚ್ಚನ್ನು ಬೆರಳಿನಲ್ಲಿ ಸವರಲು ಬಿಡಿ. ಈ ಹೆಸರು ಅಲ್ಲಿನ ಅಜ್ಜ ಅಜ್ಜಿಯರಿಗೂ ಗೊತ್ತು ಎಂದು ಹೇಳಿ. ಅಷ್ಟು ಸಾಕು, ಮುಖಗಳು ಅರಳುತ್ತವೆ.

ಆದರೆ ಕಥೆ ಅಲ್ಲಿಗೇ ನಿಲ್ಲಿಸಬೇಡಿ. ನಿಲ್ಲಿಸಿದರೆ, ಬಿಳಿಯರು ಬಂದರು, ಸಭೆ ಹುಟ್ಟಿತು ಎಂದಷ್ಟೇ ಮಕ್ಕಳ ತಲೆಯಲ್ಲಿ ಉಳಿಯುತ್ತದೆ. ಬಾಸೆಲಿನವರಿಗಿಂತ 40 ವರ್ಷ ಮೊದಲೇ, 1840ರ ದಶಕದಲ್ಲಿ, ಕ್ಯಾಮರೂನಿನ ಬಿಂಬಿಯಾ ಎಂಬ ಕಡಲ ತೀರದ ಊರಿಗೆ ಬಂದವರು ಬ್ಯಾಪ್ಟಿಸ್ಟ್ ಮಿಷನರಿ ಜೋಸೆಫ್ ಮೆರಿಕ್. ಅವರು ಜಮೈಕಾದ ಕಪ್ಪು ಜನ. ಹಿರಿಯರನ್ನು ಯಾವ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ಒಯ್ದಿದ್ದರೋ, ಅದೇ ಆಫ್ರಿಕಾಕ್ಕೆ ಸುವಾರ್ತೆ ಹಿಡಿದು ಮರಳಿ ಬಂದವರು. ಅಲ್ಲಿನ ಭಾಷೆ ಕಲಿತರು, ಬೈಬಲಿನ ಭಾಗಗಳನ್ನು ಅದಕ್ಕೆ ತಂದರು. 1849ರಲ್ಲಿ ಹಡಗಿನಲ್ಲೇ ತೀರಿಕೊಂಡರು. ಅವರ ಜೊತೆ ಕೆಲಸ ಮಾಡಿದ ಆಲ್ಫ್ರೆಡ್ ಸೇಕರ್ 1858ರಲ್ಲಿ ವಿಕ್ಟೋರಿಯಾ ಎಂಬ ಊರು ಕಟ್ಟಿದರು, ಅದೇ ಈಗಿನ ಲಿಂಬೆ. 1872ರ ಹೊತ್ತಿಗೆ ಆ ಕರಾವಳಿಯ ಡುವಾಲಾ ಜನರ ಭಾಷೆಯಲ್ಲಿ ಇಡೀ ಬೈಬಲ್ ಮುಗಿಸಿದರು. ಈ ಭಾಗಕ್ಕೆ ಹತ್ತು ನಿಮಿಷ ಕೊಡಿ. ಮೆರಿಕ್ ಕಥೆಯನ್ನು ದೊಡ್ಡ ಮಕ್ಕಳಲ್ಲಿ ಒಬ್ಬರು ಹೇಳಲಿ. ಓದಿ ಒಪ್ಪಿಸುವುದು ಬೇಡ, ಬಾಯಲ್ಲಿ ಹೇಳಲಿ.

1884ರಲ್ಲಿ ಜರ್ಮನರು ಆ ನಾಡನ್ನು ತಮ್ಮದು ಎಂದು ಘೋಷಿಸಿದರು. ಮೆರಿಕ್, ಸೇಕರ್ ಶುರು ಮಾಡಿದ ಬ್ಯಾಪ್ಟಿಸ್ಟರ ಕೆಲಸ ಬಾಸೆಲಿನವರ ಕೈಗೆ ಬಂತು. ಡುವಾಲಾದ ಹಲವು ಬ್ಯಾಪ್ಟಿಸ್ಟರು ಇದನ್ನು ಒಪ್ಪಲಿಲ್ಲ. ತಮ್ಮ ಸಭೆಯನ್ನು ತಾವೇ ನಡೆಸಿಕೊಳ್ಳುತ್ತಿದ್ದವರು ಅವರು, ಹೊಸಬರ ಕೈ ಕೆಳಗೆ ಯಾಕೆ ಹೋಗಬೇಕು? ಬೇರೆಯಾಗಿ ತಮ್ಮದೇ ಸಭೆ ಮಾಡಿಕೊಂಡರು. ಇದನ್ನು ದೊಡ್ಡವರ ಕೂಟದಲ್ಲಿ ಮುಚ್ಚಿಡದೆ ಹೇಳಿ. ಡುವಾಲಾದ ಅರಸ ರುಡೋಲ್ಫ್ ಡುವಾಲಾ ಮಾಂಗಾ ಬೆಲ್ ಅವರ ವಿಷಯವೂ ಹೇಳಿ. ತನ್ನ ಜನರ ನೆಲ ಕಿತ್ತುಕೊಳ್ಳುವುದನ್ನು ವಿರೋಧಿಸಿದ್ದಕ್ಕೆ ಜರ್ಮನ್ ಸರ್ಕಾರ 1914ರ ಆಗಸ್ಟ್‌ನಲ್ಲಿ ಅವರನ್ನು ಗಲ್ಲಿಗೇರಿಸಿತು. ಆ ಹೊತ್ತಿಗೆ ಶುರುವಾಗಿದ್ದ ಮೊದಲ ಮಹಾಯುದ್ಧ ಮುಂದೆ ಕ್ಯಾಮರೂನಿನಿಂದಲೂ ನಮ್ಮ ಕಡೆಯಿಂದಲೂ ಜರ್ಮನ್ ಮಿಷನರಿಗಳನ್ನು ಹೊರಗೆ ಕಳಿಸಿತು. ನಮ್ಮ ಹಂಚಿನ ಕಾರ್ಖಾನೆಗಳೂ ಕೈ ಬದಲಾದವು. ಆಗ ಸಭೆಯನ್ನು ನಡೆಸಿದವರು ಅಲ್ಲಿಯೂ ಇಲ್ಲಿಯೂ ಊರಿನ ಉಪದೇಶಿಗಳು, ಹಿರಿಯರು. 1957ರಲ್ಲಿ, ಬಾಸೆಲ್ ಮಿಷನಿನಿಂದ ಬೆಳೆದ ಕ್ಯಾಮರೂನಿನ ಪ್ರೆಸ್ಬಿಟೇರಿಯನ್ ಸಭೆ ಸ್ವತಂತ್ರ ಆಯಿತು. ನಮ್ಮ ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಹುಟ್ಟಿ ಆಗ ಹತ್ತು ವರ್ಷ.

ಭಾಷೆಯ ವಿಷಯ ನಮ್ಮವರಿಗೆ ಬೇಗ ತಟ್ಟುತ್ತದೆ. ಕ್ಯಾಮರೂನಿನಲ್ಲಿ 200ಕ್ಕೂ ಜಾಸ್ತಿ ಭಾಷೆಗಳಿವೆ. ಬಾಸೆಲಿನವರು ಕರಾವಳಿಯಲ್ಲಿ ಡುವಾಲಾ, ಒಳನಾಡಿನಲ್ಲಿ ಬಾಲಿ ಜನರ ಮುಂಗಾಕಾ ಭಾಷೆಯನ್ನು ಸಭೆಗೆ, ಶಾಲೆಗೆ ಆರಿಸಿಕೊಂಡರು. ಉಳಿದವರೆಲ್ಲ ಇನ್ನೊಬ್ಬರ ಭಾಷೆಯಲ್ಲಿ ಪ್ರಾರ್ಥನೆ ಕಲಿಯಬೇಕಾಯಿತು. ನಮ್ಮ ಮನೆಯಲ್ಲಿ ಮಾತು ತುಳು, ಚರ್ಚಿನಲ್ಲಿ ಪ್ರಸಂಗ ಕನ್ನಡ. ಅಮ್ಮ ದುಃಖ ಬಂದಾಗ ಮಾತ್ರ ತುಳುವಿನಲ್ಲಿ ಪ್ರಾರ್ಥಿಸುತ್ತಿದ್ದರು. ಸಭೆಯವರನ್ನು ಕೇಳಿ, ನೀವು ಒಳಗೊಳಗೆ ಯಾವ ಭಾಷೆಯಲ್ಲಿ ದೇವರ ಹತ್ತಿರ ಮಾತಾಡುತ್ತೀರಿ? ಸುಮ್ನೆ ಎರಡು ನಿಮಿಷ ಬಿಡಿ. ನಮ್ಮಲ್ಲಿ ಆ ಪ್ರಶ್ನೆಗೆ ಒಬ್ಬರು ಅಜ್ಜಿ ಅತ್ತುಬಿಟ್ಟರು.

ಊಟಕ್ಕೆ ಮರಗೆಣಸು ಬೇಯಿಸಿ. ಐವತ್ತು ಜನಕ್ಕೆ ಎಂಟು ಕಿಲೋ ಸಾಕು. ಸಿಪ್ಪೆ ತೆಗೆದು, ನಡುವಿನ ನಾರು ಎಳೆದು, ಉಪ್ಪು ಹಾಕಿ ಮೆತ್ತಗಾಗುವವರೆಗೆ ಬೇಯಿಸಿ. ಬೆಂದ ನೀರು ಚೆಲ್ಲಿ. ಜೊತೆಗೆ ನೇಂದ್ರ ಬಾಳೆ ಹಣ್ಣಿನ ಹೋಳು ಹುರಿದರೆ ಆಯಿತು. ಅಲ್ಲಿಯೂ ಇವೇ ದಿನದ ಊಟ. ಮೀನಿನ ಸಾರಿಗೆ ನಮ್ಮ ಸ್ತ್ರೀಯರ ಕೂಟದವರು ಹೇಗೂ ಇದ್ದಾರೆ.

ಕೆಲವು ವರ್ಷದ ಹಿಂದೆ ಕ್ಯಾಮರೂನಿನ ಬುಯೆಯಾ ಊರಿನ ಒಬ್ಬರು ಅಕ್ಕ ನಮ್ಮ ಮನೆಯಲ್ಲಿ ನಾಲ್ಕು ದಿನ ಉಳಿದಿದ್ದರು. ನಾನು ಹಿತ್ತಿಲಲ್ಲಿ ತೆಂಗಿನಕಾಯಿ ಸುಲಿಯುವುದನ್ನು ನೋಡಿ “ಆಶಿಯಾ” ಅಂದರು. ಅವರ ಪಿಜಿನ್ ಇಂಗ್ಲಿಷಿನ, ಅಂದರೆ ಊರ ಮಾತು ಬೆರೆತ ಇಂಗ್ಲಿಷಿನ ಮಾತು. ದುಡಿಯುವವರನ್ನು ಕಂಡರೂ ಹೀಗೇ ಅನ್ನುತ್ತಾರೆ, ಸಾವಿನ ಮನೆಯಲ್ಲಿಯೂ ಹೀಗೇ ಅನ್ನುತ್ತಾರೆ. ‘ಪಾಪ’ ಅಂದ ಹಾಗಲ್ಲ. ನಿಮ್ಮ ಭಾರ ನನಗೆ ಕಾಣುತ್ತದೆ ಅಂದ ಹಾಗೆ. ಈ ಒಂದು ಶಬ್ದವನ್ನು ಮಕ್ಕಳಿಗೆ ಖಂಡಿತ ಕಲಿಸಿ. ಪ್ರಾರ್ಥನೆಯನ್ನೂ ಇದರಿಂದಲೇ ಶುರು ಮಾಡಿ.

ಪ್ರಾರ್ಥನೆಯಲ್ಲಿ ‘ಆಫ್ರಿಕಾದ ಬಡವರಿಗಾಗಿ’ ಎಂದು ಹೇಳಬೇಡಿ. ಊರಿನ ಹೆಸರು ಹಿಡಿಯಿರಿ: ಬುಯೆಯಾ, ಕುಂಬಾ, ಬಮೆಂಡಾ. ದೇಶದ ಹತ್ತು ಪ್ರಾಂತಗಳಲ್ಲಿ ಇಂಗ್ಲಿಷ್ ಹೆಚ್ಚಾಗಿ ನಡೆಯುವ ಎರಡಕ್ಕೆ ಸೇರಿದ ಊರುಗಳು ಇವು. 2016ರಲ್ಲಿ ಅಲ್ಲಿನ ವಕೀಲರು, ಶಿಕ್ಷಕರು ಬೀದಿಗಿಳಿದರು. ಮುಂದಿನ ವರ್ಷ ಅದು ಬಂದೂಕಿನ ಜಗಳ ಆಯಿತು. ಎಷ್ಟೋ ಶಾಲೆಗಳು ವರ್ಷಗಟ್ಟಲೆ ಮುಚ್ಚಿದವು, ಲಕ್ಷಗಟ್ಟಲೆ ಜನ ಮನೆ ಬಿಟ್ಟರು. ಸೋಮವಾರದ ಬಂದ್ ಅಲ್ಲಿ ರೂಢಿಯೇ ಆಗಿಹೋಯಿತು. ಸೋಮವಾರ ಶಾಲೆಗೆ ಹೋಗಲಾಗದ ಒಂದು ಮಗುವನ್ನು ನೆನೆದು ಪ್ರಾರ್ಥಿಸಲು ನಮ್ಮ ಮಕ್ಕಳಿಗೆ ಬರುತ್ತದೆ. ದೊಡ್ಡವರಿಗಿಂತ ಚೆನ್ನಾಗಿ ಬರುತ್ತದೆ.

ಕಾಣಿಕೆಯ ಬಗ್ಗೆ ಕಟ್ಟುನಿಟ್ಟಾಗಿರಿ. ಯಾರದೋ ವಾಟ್ಸಾಪ್ ನಂಬರಿಗೆ ಹಣ ಕಳಿಸಬೇಡಿ. ಹೊರದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ಸಭಾಪಾಲಕರ ಮೂಲಕ ಸಭಾಪ್ರಾಂತದ (ಡಯೋಸಿಸಿನ) ಕಚೇರಿಗೆ ಕೊಟ್ಟು ರಸೀದಿ ತೆಗೆದುಕೊಳ್ಳಿ. ರಸೀದಿಯನ್ನು ಮುಂದಿನ ಭಾನುವಾರ ನೋಟಿಸ್ ಬೋರ್ಡಿಗೆ ಹಾಕಿ.

ಪರಿಚಯದವರು ಯಾರಾದರೂ ಅಲ್ಲಿದ್ದರೆ ವಿಡಿಯೋ ಕಾಲ್ ಮಾಡಬಹುದು. ಗಂಟೆ ನೋಡಿಕೊಳ್ಳಿ. ನಮಗಿಂತ ಅವರು ನಾಲ್ಕೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ ಆರಾಧನೆಯ ಹೊತ್ತಿಗೆ ಅಲ್ಲಿ ಇನ್ನೂ ಕತ್ತಲೆ. ಮಧ್ಯಾಹ್ನ ಊಟ ಮುಗಿಸಿ ಎರಡೂವರೆಗೆ ಕರೆದರೆ ಅಲ್ಲಿ ಹತ್ತು ಗಂಟೆ, ಆರಾಧನೆ ನಡೆಯುವ ಹೊತ್ತು. ನಮ್ಮ ಆ ಅಕ್ಕ ಒಮ್ಮೆ ಫೋನನ್ನು ಹಾಗೇ ಎತ್ತಿ ಹಿಡಿದರು. ಕಾಣಿಕೆ ಹಾಕಲು ಜನ ಹಾಡುತ್ತಾ, ಕುಣಿಯುತ್ತಾ ಸಾಲಾಗಿ ಮುಂದೆ ಬರುತ್ತಿದ್ದರು. ನಮ್ಮ ಮಕ್ಕಳು ಬೆಂಚಿನ ಮೇಲೆ ಹತ್ತಿ ನಿಂತು ಕೈ ಬೀಸಿದರು. ಅವತ್ತು ಅವರಿಗೆ ಚರ್ಚ್ ಉಂಟಾ ಎಂದು ಯಾರೂ ಕೇಳಲಿಲ್ಲ.