ಡ್ರೈ ರಿಫಾರ್ಮಿಂಗ್ ಕೊಳವೆಯಲ್ಲಿ ಕಟ್ಟಿದ ಮಸಿ: ನನ್ನ ಅನುಭವ

ಇಂಗಾಲದ ಡೈಆಕ್ಸೈಡನ್ನು ಮೀಥೇನಿನೊಡನೆ ಕಾಯಿಸಿ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಜನ್‌ಗಳ ಮಿಶ್ರಣವಾದ ಸಿಂಗ್ಯಾಸ್ ಪಡೆಯುವ ಡ್ರೈ ರಿಫಾರ್ಮಿಂಗ್ ಕ್ರಿಯೆ ಪ್ರತಿ ಮೋಲ್‌ಗೆ ಸುಮಾರು 247 ಕಿಲೋಜೌಲ್ ಶಾಖವನ್ನು ಹೀರುತ್ತದೆ. ಈ ಅಂಕಿಯನ್ನು ನಾನು ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಕೊಳವೆ ಕಟ್ಟಿಕೊಂಡ ಮೇಲೆ.

ಅಲ್ಯುಮಿನಾದ (ಅಲ್ಯುಮಿನಿಯಂ ಆಕ್ಸೈಡ್) ಮೇಲೆ ಕೂರಿಸಿದ ನಿಕ್ಕಲ್ ವೇಗವರ್ಧಕವನ್ನು ಕ್ವಾರ್ಟ್ಜ್ ಕೊಳವೆಯಲ್ಲಿ ತುಂಬಿ, ಹೈಡ್ರೋಜನ್ ಹರಿಸಿ ಅಪಕರ್ಷಿಸಿ (ಆಕ್ಸೈಡ್ ರೂಪದಿಂದ ಲೋಹವಾಗಿಸಿ), ಕುಲುಮೆಯನ್ನು 800 ಡಿಗ್ರಿ ಸೆಲ್ಸಿಯಸ್‌ಗೆ ನಿಲ್ಲಿಸಿದ್ದೆ. ಕೆಲವೇ ಗಂಟೆಗಳಲ್ಲಿ ಒಳಹರಿವಿನ ಒತ್ತಡ ಏರತೊಡಗಿತು. ಕೊಳವೆ ಬಿಚ್ಚಿದರೆ ಒಳಗೆಲ್ಲ ಮಸಿ. ವೇಗವರ್ಧಕದ ಮೇಲೆಯೇ ತಪ್ಪು ಹೊರಿಸಿ ಎರಡು ಬಾರಿ ಹೊಸದಾಗಿ ತಯಾರಿಸಿದೆ, ಫಲ ಅದೇ. ಕೊನೆಗೆ ತಾಪ ಅಳೆಯುವ ತೆಳುವಾದ ಥರ್ಮೋಕಪಲ್ಲನ್ನು ಪುಡಿಯ ನಡುವಿಗೇ ಇಳಿಸಿ ನೋಡಿದಾಗ, ಕುಲುಮೆ 800 ಎನ್ನುತ್ತಿದ್ದರೂ ಒಳಗಿನ ತಾಪ 700ನ್ನೂ ಮುಟ್ಟಿರಲಿಲ್ಲ. ಕ್ರಿಯೆ ಹೀರುವಷ್ಟು ಶಾಖ ಗೋಡೆಯಿಂದ ಒಳಗೆ ತಲುಪುತ್ತಿರಲಿಲ್ಲ. ಆ ತಾಪದಲ್ಲಿ ಮಾನಾಕ್ಸೈಡಿನ ಎರಡು ಅಣುಗಳು ಸೇರಿ ಡೈಆಕ್ಸೈಡ್ ಮತ್ತು ಇಂಗಾಲವಾಗಿ ಒಡೆಯುವ ಬೌಡ್ವಾರ್ ಕ್ರಿಯೆಗೆ ದಾರಿ ಸುಗಮವಾಗಿತ್ತು.

ವೇಗವರ್ಧಕಕ್ಕೆ ಶಾಖವನ್ನು ಚೆನ್ನಾಗಿ ಸಾಗಿಸುವ ಸಿಲಿಕಾನ್ ಕಾರ್ಬೈಡ್ ಹರಳುಗಳನ್ನು ಬೆರೆಸಿ, ಹರಿವನ್ನು ತಗ್ಗಿಸಿ, ಒಳತಾಪವನ್ನೇ ಆಧಾರವಾಗಿಟ್ಟು ಕುಲುಮೆಯನ್ನು ನಿಯಂತ್ರಿಸಿದೆ. ಮೀಥೇನ್ ತಾನೇ ಒಡೆದು ಬಿಡುವ ಇಂಗಾಲ ತಾಪ ಏರಿಸಿದರೆ ಹೋಗುವಂಥದ್ದಲ್ಲವಾದ್ದರಿಂದ ಡೈಆಕ್ಸೈಡನ್ನು ಮೀಥೇನಿಗಿಂತ ತುಸು ಹೆಚ್ಚಿಗೆ ಕೊಟ್ಟೆ. ಇದಕ್ಕೆ ಬೆಲೆಯೂ ಉಂಟು: ಹೆಚ್ಚುವರಿ ಡೈಆಕ್ಸೈಡ್ ಹೈಡ್ರೋಜನ್ನನ್ನು ತಿಂದು ನೀರಾಗಿಸುವುದರಿಂದ ಹೈಡ್ರೋಜನ್-ಮಾನಾಕ್ಸೈಡ್ ಅನುಪಾತ ಒಂದಕ್ಕಿಂತ ಕೆಳಗಿಳಿಯಿತು. ದ್ರವ ಇಂಧನ ತಯಾರಿಗೆ ಸುಮಾರು 2ರ ಅನುಪಾತ ಬೇಕಿರುವವರಿಗೆ ಇದು ಸಾಲದು.

ಲೆಕ್ಕದಲ್ಲಿಯೂ ಒಮ್ಮೆ ಎಡವಿದೆ. ಎರಡು ಮೋಲ್ ಅನಿಲ ನಾಲ್ಕಾಗುವ ಈ ಕ್ರಿಯೆಯಲ್ಲಿ, ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಕ್ರೊಮಟೋಗ್ರಾಫ್ ತೋರಿಸುವ ಶೇಕಡಾವಾರನ್ನು ನೇರವಾಗಿ ನಂಬುವಂತಿಲ್ಲ. ಮೀಥೇನ್, ಡೈಆಕ್ಸೈಡ್, ಸಾರಜನಕಗಳನ್ನು ಸಮಪಾಲಿನಲ್ಲಿ ಹರಿಸಿದರೆ, ಮೊದಲೆರಡೂ ಅರ್ಧದಷ್ಟು ಪರಿವರ್ತನೆಯಾದಾಗ ಮೀಥೇನಿನ ಪಾಲು ಶೇ. 33.3ರಿಂದ 12.5ಕ್ಕೆ ಇಳಿದು, ಪರಿವರ್ತನೆ ಶೇ. 62.5 ಎಂಬ ಹುಸಿ ಹಿಗ್ಗು ಹುಟ್ಟಿಸುತ್ತದೆ. ಬದಲಾಗದೆ ಉಳಿಯುವ ಸಾರಜನಕಕ್ಕೆ ಹೋಲಿಸಿ ಲೆಕ್ಕ ಹಾಕಿದರೆ ನಿಜವಾದ 50 ಸಿಗುತ್ತದೆ.

ನಿಲ್ಲಿಸುವಾಗಲೂ ಆತುರ ಸಲ್ಲದು. ಬಿಸಿ ಇರುವಾಗಲೇ ಸಾರಜನಕ ಹರಿಸಿ ಮಾನಾಕ್ಸೈಡನ್ನು ಪೂರ್ತಿ ಹೊರಹಾಕಿದ ನಂತರವೇ ತಣಿಸುತ್ತೇನೆ. ಏಕೆಂದರೆ ತಣಿದ ನಿಕ್ಕಲ್ ಮಾನಾಕ್ಸೈಡಿನೊಡನೆ ಸೇರಿದರೆ ಅತಿ ವಿಷಕಾರಿಯಾದ ನಿಕ್ಕಲ್ ಕಾರ್ಬೊನಿಲ್ ಉಂಟಾಗಬಹುದು.