ಬೀದರಿಗೆ ಒಬ್ಬರೇ, ಒಂದೇ ಚೀಲದಲ್ಲಿ

ಮಾತು ಕಡಿಮೆ ಇರುವವರನ್ನು ಪ್ರಯಾಣದಲ್ಲಿ ದಣಿಸುವುದು ದಾರಿಗಿಂತ ಲಗೇಜು. ಚೀಲ ಭಾರವಾದರೆ ‘ಸ್ವಲ್ಪ ಮ್ಯಾಲ ಇಡ್ರಿ’, ‘ನೋಡ್ಕೋರಿ, ಈಗ ಬಂದೆ’ ಎಂದು ಹೋದಲ್ಲೆಲ್ಲ ಕೇಳಬೇಕು. ಕಲಬುರಗಿಯಿಂದ ಬೀದರಿಗೆ ಎರಡು ದಿನಕ್ಕೆ ಹೊರಡುವವರು ಯಾರನ್ನೂ ಏನೂ ಕೇಳಬೇಕಾಗದಂತೆ ಚೀಲ ಕಟ್ಟಿಕೊಳ್ಳಬಹುದು.

20–25 ಲೀಟರಿನ ಬೆನ್ನುಚೀಲ ಸಾಕು. ಒಂದು ಲೀಟರ್ ನೀರೂ ಸೇರಿ ತೂಕ 5 ಕೆ.ಜಿ. ದಾಟಬಾರದು. ತುಂಬಿದ ಮೇಲೆ ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕುಳಿತು ನೋಡಿ. ಬಸ್ಸಿನಲ್ಲಿ ಅದರ ಜಾಗ ಅದೇ.

ಮೈಮೇಲೆ ಒಂದು ಜೊತೆ ಬಟ್ಟೆ, ಚೀಲದಲ್ಲಿ ಒಂದು ಜೊತೆ, ಮೇಲೊಂದು ಅಂಗಿ. ಜೀನ್ಸ್ ಬೇಡ. ರಾತ್ರಿ ಒಗೆದರೆ ಬೆಳಗಿಗೂ ಅದರ ಸೊಂಟಪಟ್ಟಿ, ಜೇಬು ಹಸಿ. ಹಾಗೇ ಮಡಚಿಟ್ಟರೆ ಚೀಲವೆಲ್ಲ ಮುಗ್ಗು ವಾಸನೆ. ತೆಳು ಹತ್ತಿ ಬಟ್ಟೆಯಾದರೆ ಒಣ ವಲ್ಲಿಯಲ್ಲಿ (ತೆಳು ಟವೆಲಿನಲ್ಲಿ) ಸುತ್ತಿ ಹಿಂಡಿ, ಫ್ಯಾನಿನ ಕೆಳಗೆ ಹರವಿದರಾಯಿತು. ಈ ವಲ್ಲಿ ಮರೆಯಬೇಡಿ: ಮೈ ಒರೆಸಲು, ಬಿಸಿಲಿಗೆ, ಗುರುನಾನಕ್ ಝೀರಾ ಗುರುದ್ವಾರದಲ್ಲಿ ತಲೆ ಮುಚ್ಚಲು ಅದೊಂದೇ ಸಾಕು. ಡಿಸೆಂಬರ್–ಜನವರಿಯಾದರೆ ಒಂದು ಶಾಲು ಸೇರಿಸಿ, ಮುಂಜಾನೆ ಚಳಿ ಇರುತ್ತದೆ.

ನರಸಿಂಹ ಝರಣಿ ಗುಹಾ ದೇವಾಲಯವನ್ನು ಈ ಸಲ ಬಿಡುವುದೇ ಮೇಲು. ಅಲ್ಲಿ ಇಕ್ಕಟ್ಟಾದ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆಯಬೇಕು. ಚೀಲವನ್ನು ಯಾರ ವಶಕ್ಕಾದರೂ ಒಪ್ಪಿಸಬೇಕು, ಒದ್ದೆ ಬಟ್ಟೆ ಹೊತ್ತು ತಿರುಗಬೇಕು.

ಊಟದ ಹೊತ್ತಿನ ಗದ್ದಲ ತಪ್ಪಿಸಲು ನಾಲ್ಕು ಕಡಕ್ ರೊಟ್ಟಿ, 100 ಗ್ರಾಂ ಶೇಂಗಾ ಹಿಂಡಿ (ಚಟ್ನಿಪುಡಿ) ಇರಲಿ. ಇಡೀ ರೊಟ್ಟಿ ಚೀಲದಲ್ಲಿ ಪುಡಿಯಾಗುತ್ತದೆ. ನೀವೇ ನಾಲ್ಕು ತುಂಡು ಮಾಡಿ, ಬಟ್ಟೆಯಲ್ಲಿ ಸುತ್ತಿ, ಸ್ಟೀಲ್ ಡಬ್ಬಿಗೆ ಹಾಕಿ. ಪೂರ್ತಿ ಆರದ ರೊಟ್ಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದರೆ ಬೆವರಿ ಮೆತ್ತಗಾಗುತ್ತದೆ. ಹಿಂಡಿಗೆ ಎಣ್ಣೆ ಕಲಸಬೇಡಿ, ಸೋರಿದರೆ ಬಟ್ಟೆ ಹೋದಂತೆಯೇ.

ಡಬ್ಬಿ ಬೆನ್ನಿಗೆ ಒತ್ತಿಕೊಂಡು ಚೀಲದ ನಡುಮಟ್ಟದಲ್ಲಿರಲಿ. ಭಾರ ಹೊರಬದಿಗೆ ಬಿದ್ದರೆ ಚೀಲ ಹಿಂದಕ್ಕೆ ಜಗ್ಗಿ, ಕೋಟೆ ಸುತ್ತುವಷ್ಟರಲ್ಲಿ ಹೆಗಲು ಸೋಲುತ್ತದೆ. ಹೊರ ಜೇಬಿನಲ್ಲಿ 10, 20 ರೂಪಾಯಿ ನೋಟುಗಳಲ್ಲಿ 200 ರೂಪಾಯಿ ಚಿಲ್ಲರೆ ಇಡಿ. ಕಂಡಕ್ಟರ್ ಜೊತೆ ವಾದ ತಪ್ಪುತ್ತದೆ. ಲಾಡ್ಜಿಗೆ ಆಧಾರ್ ಝೆರಾಕ್ಸ್ ಎರಡು, ಕಿವಿಗೆ ಹತ್ತಿ, ಚಾರ್ಜರ್.

ಅಷ್ಟೂರಿನ ಬಹಮನಿ ಗೋರಿಗಳು ಬೀದರಿನಿಂದ ಸುಮಾರು 3 ಕಿ.ಮೀ. ಇಷ್ಟು ಚೀಲವಿದ್ದರೆ ಬೆಳಗ್ಗೆ ಬೇಗ ನಡೆದೇ ಹೋಗಬಹುದು, ಆಟೊ ದರದ ಮಾತೂ ಬೇಡ. ಬಹಮನಿ ಸುಲ್ತಾನ ಅಹ್ಮದ್ ಷಾ ವಲಿಯ ಗೋರಿಯೊಳಗೆ ಮಬ್ಬುಗತ್ತಲು. ಹತ್ತು ನಿಮಿಷ ಸುಮ್ಮನೆ ನಿಂತರೆ ಗೋಡೆಯ ಬಣ್ಣದ ಚಿತ್ತಾರ ಒಂದೊಂದಾಗಿ ಕಾಣತೊಡಗುತ್ತದೆ.